ಗೋಡೆಯ ಮೇಲೊಂದು ಕಾಡುಬಸಳೆ

ಮರುಭೂಮಿಯ ಕಳ್ಳಿಗಿಡಗಳ ಚಿತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವುದು ಈಗ ಹಲವರಿಗೆ ಇಷ್ಟ. ಚಂದವೇ ಅದು. ಆದರೆ ಮಕ್ಕಳೇ, ಹಿಂದೆ ಇಂಥ ಚಿತ್ರಗಳು ವಿಜ್ಞಾನಿಗಳಿಗೇ ಬೇಕಿದ್ದವು. ಸಾಮಾನ್ಯ ಗಿಡವನ್ನಾದರೆ ಕಾಗದದ ನಡುವೆ ಒತ್ತಿ ಒಣಗಿಸಿ ಇಡಬಹುದು. ರಸ ತುಂಬಿದ ಗಿಡ ಹಾಗಲ್ಲ, ಮುದುಡಿ ರೂಪವೇ ಕೆಡುತ್ತದೆ. ಅದಕ್ಕೇ 1799ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ರೆಡೂಟೆ ಎಂಬ ಕಲಾವಿದರು ಇವುಗಳ ಚಿತ್ರ ಬರೆದರು, ಡಿ ಕಾಂಡೋಲ್ ಎಂಬ ವಿಜ್ಞಾನಿ ವಿವರ ಬರೆದರು.

ಅಂಥದೊಂದು ಗಿಡ ನಮ್ಮ ಕರಾವಳಿಯ ಬೆಳಕೆ ಊರಿನ ಕಡೆ ಚಿರೆಕಲ್ಲಿನ ಪಾಗಾರದ ಮೇಲೆ ಹುಡುಕಿದರೂ ಸಿಕ್ಕೀತು. ಅದೇ ಕಾಡುಬಸಳೆ. ಇದರ ತವರು ಮಡಗಾಸ್ಕರ್. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮಲ್ಲಿ ನೀರು ಕೂಡಿಡುವ ಎಲೆಗೇನು ಕೆಲಸ? ಬಹುಪಾಲು ಮಳೆ ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಮಾರ್ಚ್ ತಿಂಗಳ ಬಿಸಿಲಿಗೆ ಕಾದ ಕಲ್ಲಿನ ಮೇಲೆ, ಹಿಡಿ ಮಣ್ಣಿನಲ್ಲಿ ಬದುಕುವ ಗಿಡಕ್ಕೆ ಅದೇ ಮರುಭೂಮಿ.

ಹಿಂದೆ ಬೆಂಗಳೂರಿನ ಲಾಲ್‌ಬಾಗನ್ನು ನೋಡಿಕೊಂಡಿದ್ದ ಬೆಂಜಮಿನ್ ಹೇಯ್ನ್ ಎಂಬ ಸಸ್ಯವಿಜ್ಞಾನಿ 1813ರಲ್ಲಿ ಒಂದು ಪತ್ರ ಬರೆದರು. ಕಾಡುಬಸಳೆಯ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆಗೆ ತುಸು ಕಹಿ ಎಂದು ಅದರಲ್ಲಿತ್ತು. ಎಂಥ ಸೂಕ್ಷ್ಮ ಗಮನ! ಎಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿವೆ. ಹಗಲಿನಲ್ಲಿ ತೆರೆದರೆ ನೀರು ಆವಿಯಾಗಿ ಹೋಗುತ್ತದೆ. ಹಾಗಾಗಿ ಈ ಗಿಡ ರಾತ್ರಿ ತಂಪಿನಲ್ಲಿ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು, ಅದನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತದೆ. ಬೆಳಗಿನ ಹುಳಿ ಅದರದ್ದೇ. ಹಗಲಲ್ಲಿ ರಂಧ್ರ ಮುಚ್ಚಿ, ಕೂಡಿಟ್ಟದ್ದನ್ನು ಬಳಸಿ ಬಿಸಿಲಿನಲ್ಲಿ ಸಕ್ಕರೆ ತಯಾರಿಸುತ್ತದೆ. ಕಳ್ಳಿಗಳ ಗುಟ್ಟೂ ಇದೇ. ನೀವು ಮಾತ್ರ ರುಚಿ ನೋಡಬೇಡಿ. ಕಾಡುಬಸಳೆಯಲ್ಲಿ ಹೃದಯಕ್ಕೆ ತೊಂದರೆ ಕೊಡುವ ವಿಷಾಂಶವಿದೆ, ಹೆಚ್ಚು ತಿಂದರೆ ದನಗಳೂ ಕಾಯಿಲೆ ಬೀಳುತ್ತವೆ.

ಬದಲಿಗೆ ಬಲಿತ ಒಂದು ಎಲೆ ಕಿತ್ತು, ದಾರ ಕಟ್ಟಿ ಗೋಡೆಗೆ ತೂಗುಹಾಕಿ. ನೀರು ಬೇಡ, ಮಣ್ಣೂ ಬೇಡ. ಕೆಲವು ದಿನ ಕಳೆದರೆ ಅಂಚಿನ ಕಚ್ಚುಗಳಲ್ಲಿ ಎಳ್ಳಿನಷ್ಟು ಹಸಿರು ಮೊಳಕೆ, ಕೂದಲೆಳೆಯಂಥ ಬೇರು ಮೂಡುತ್ತವೆ. ಮರಿಗಿಡ ಬೆಳೆದಂತೆ ತಾಯಿ ಎಲೆ ಸುಕ್ಕಾಗುತ್ತದೆ. ಅದರ ರಸವೇ ಮರಿಗಳಿಗೆ ಆಹಾರ.

ಆ ಎಲೆಯನ್ನು ಪೆನ್ಸಿಲಿನಲ್ಲಿ ಬರೆಯಿರಿ. ಕಚ್ಚುಗಳನ್ನು ಎಣಿಸಿ, ಅಷ್ಟೇ ಬರೆಯಿರಿ. ಕಟ್ಟು ಹಾಕಿಸುವುದು ಮಳೆಗಾಲ ಕಳೆದ ಮೇಲಾಗಲಿ, ಇಲ್ಲದಿದ್ದರೆ ನಮ್ಮ ಕರಾವಳಿಯ ತೇವಕ್ಕೆ ಕಾಗದ ಬೂಷ್ಟು ಹಿಡಿಯುತ್ತದೆ. ಚಿತ್ರದ ಕೆಳಗೆ ಗಿಡದ ಹೆಸರು, ಊರು, ತಾರೀಖು ಬರೆಯಲು ಮರೆಯಬೇಡಿ.