ಕಾಲುವೆ ಬಂತು, ಬಸಿಗಾಲುವೆ?

ಸುರಪುರದ ಬಂಧುಗಳೇ, ಪ್ರಗತಿ ವರವೋ ಶಾಪವೋ ಎಂಬ ಪ್ರಶ್ನೆಗೆ ಉತ್ತರ ನಮ್ಮ ಎರೆಹೊಲಗಳಲ್ಲೇ ಇದೆ. 1982ರಲ್ಲಿ ನಾರಾಯಣಪುರ ಅಣೆಕಟ್ಟು ಮುಗಿದು, ಕೃಷ್ಣೆ ಎಡದಂಡೆ ಕಾಲುವೆಯಲ್ಲಿ ಹರಿದಳು. ಮಳೆಯನ್ನೇ ನಂಬಿ ಜೋಳ ಬೆಳೆದ ನೆಲದಲ್ಲಿ ಭತ್ತದ ಗದ್ದೆಗಳೆದ್ದವು. ಇದನ್ನು ಕೆಡುಕು ಎನ್ನಲಾದೀತೆ?

ಆದರೆ ಎರೆಮಣ್ಣು ನೀರನ್ನು ಬೇಗ ಬಸಿಯಗೊಡದು. ನಿಂತ ನೀರು ಒಳಗಿನ ಉಪ್ಪನ್ನು ಕರಗಿಸಿ ಮೇಲಕ್ಕೆ ತರುತ್ತದೆ. ನೀರು ಆರಿದರೂ ಉಪ್ಪು ಉಳಿದು ಹೊಲ ಸವುಳಾಗುತ್ತದೆ. ಮೇಲಿನವನು ಮಿತಿಮೀರಿ ಹಾಯಿಸಿದರೆ ತಗ್ಗಿನವನ ಹೊಲ ಜೌಳು. ಕಾಲುವೆಯ ಕೊನೆಯವನ ಹೊಲ ಒಣ.

ತಪ್ಪು ಕೃಷ್ಣೆಯದಲ್ಲ. ನೀರು ತರುವ ಕಾಲುವೆಯ ಜೊತೆಗೇ ಹೆಚ್ಚಾದದ್ದನ್ನು ಹೊರಹಾಕುವ ಬಸಿಗಾಲುವೆ ಬೇಕು, ಹಂಚಿಕೊಳ್ಳುವ ಸರದಿ ಬೇಕು. ಪ್ರಗತಿ ಒಳ್ಳೆಯದೇ ಎಂದು ಯಾರಾದರೂ ಕೇಳಿದರೆ, ಅವರನ್ನು ಮೊದಲು ಕಾಲುವೆಯ ಕೊನೆಯ ಹೊಲಕ್ಕೆ ಕರೆದೊಯ್ಯೋಣ.