ಬೋನಾಳದ ಕೆರೆಗೆ ಬೆಲೆಯೆಷ್ಟು?



ಕೆರೆಗೆ ಬೆಲೆ ಕಟ್ಟುವ ಮಾತು ನಮ್ಮ ಹಿರಿಯರಿಗೆ ರುಚಿಸುತ್ತಿರಲಿಲ್ಲ. ಕೆರೆ ಕಟ್ಟಿಸುವುದು ಪುಣ್ಯಕಾರ್ಯವೆಂದು ಅವರು ಎಣಿಸಿದ್ದರು. ಪುಣ್ಯವನ್ನು ರೂಪಾಯಿಯಲ್ಲಿ ಅಳೆಯುವವರುಂಟೆ? ಆದರೆ ಕೆರೆಯಂಗಳವನ್ನು ಹೊಲವನ್ನಾಗಿಯೋ ನಿವೇಶನವನ್ನಾಗಿಯೋ ಮಾಡಬೇಕೆನ್ನುವವನು ತನ್ನ ಲಾಭವನ್ನು ರೂಪಾಯಿಯಲ್ಲಿಯೇ ಹೇಳುತ್ತಾನೆ. ಆಗ ಕೆರೆಯ ಪಕ್ಷದವರು ಸುಮ್ಮನಿದ್ದರೆ, ಲೆಕ್ಕದ ಪುಸ್ತಕದಲ್ಲಿ ಅದರ ಬೆಲೆ ಸೊನ್ನೆಯೆಂದೇ ಬರೆದಂತಾಗುತ್ತದೆ. ಆದಕಾರಣ ಈ ಲೆಕ್ಕದ ಕ್ರಮವನ್ನು ನಾವೂ ತಿಳಿದಿರುವುದು ಮೇಲು.

ಕಂದಾಯದ ಕಡತದಲ್ಲಿ ತರಿಯೆಂದರೆ ನೀರಾವರಿಯ ಜಮೀನು. ನಾನಿಲ್ಲಿ ಜೌಗುನೆಲವೆಂದು ಕರೆಯುವುದು ಬೇರೆ: ಕೆರೆ, ಅದರ ಅಂಚಿನ ಕೆಸರು, ಜೊಂಡು ಬೆಳೆದ ಹಿನ್ನೀರು, ಊಟೆಯೊಸರುವ ತಗ್ಗು, ಇವೆಲ್ಲವೂ ಅದರಲ್ಲಿ ಸೇರಿವೆ. ಇಂಥ ನೆಲದ ಬೆಲೆಯನ್ನು ಮನುಷ್ಯನು ಅರಿತದ್ದು ಇಂದು ನಿನ್ನೆಯಲ್ಲ. ಕೃಷ್ಣಾ ಭೀಮಾ ನದಿಗಳ ನಡುವಣ ಸುರಪುರದ ಸೀಮೆಯಲ್ಲಿ, ಹುಣಸಗಿಯ ಕಣಿವೆಯಲ್ಲಿ, ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಆದಿಮಾನವನ ಕಲ್ಲಿನ ಆಯುಧಗಳನ್ನು ವಿಪುಲವಾಗಿ ಕಂಡರು. ಬೇಸಗೆಯಲ್ಲಿಯೂ ಬತ್ತದ ಊಟೆಗಳ ಬಳಿಯೇ ಆ ಜನ ಕೂಡುತ್ತಿದ್ದರೆಂಬುದು ಅವರ ಅಭಿಪ್ರಾಯ. ಬೆಲೆಯೆಂಬ ಪದ ಹುಟ್ಟುವ ಮೊದಲೇ ಬೆಲೆಯ ಅರಿವು ಇತ್ತು.

ಅದೇ ಸೀಮೆಯ ಬೋನಾಳದ ಕೆರೆಯನ್ನು ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಇದು ಸುರಪುರದ ನಾಯಕ ಅರಸರ ಕಾಲದ್ದು. 1841ರಿಂದ 1853ರವರೆಗೆ ಸುರಪುರದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರ್ ಸಾಹೇಬರು ಇದನ್ನು ಉತ್ತಮಗೊಳಿಸಿದರು. ಈಗ ಇದು ಪಕ್ಷಿಧಾಮವೆಂದು ಹೆಸರಾಗಿದೆ. 1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿದು, ಕಾಲುವೆಯ ನೀರು ಸುರಪುರ ಶಹಾಪುರಗಳ ಹೊಲಗಳಿಗೆ ಹರಿಯಿತು. ಜೋಳ ಬೆಳೆಯುತ್ತಿದ್ದ ಎಷ್ಟೋ ಕಡೆ ಬತ್ತ ಬಂದಿತು. ಇದು ಸಂತೋಷದ ಸಂಗತಿಯೇ. ಆದರೆ ಇದರ ಬೆನ್ನಿಗೇ ಒಂದು ಪ್ರಶ್ನೆ ಏಳುತ್ತದೆ: ಕಾಲುವೆಯಿರುವಾಗ ಕೆರೆಯೇಕೆ?

ಉತ್ತರಕ್ಕಾಗಿ ಕೆರೆಯ ಆದಾಯವನ್ನು ವಿಂಗಡಿಸಿ ನೋಡಬೇಕು. ಮೊದಲನೆಯದು, ಕೈಗೆ ಸಿಕ್ಕುವ ಫಲ: ತೂಬಿನ ನೀರು, ಮೀನು, ಹುಲ್ಲು, ಜೊಂಡು. ಮೀನಿಗೆ ಸಂತೆಯಲ್ಲಿ ದರವುಂಟು. ಅದನ್ನು ಲೆಕ್ಕ ಹಾಕುವುದು ಸುಲಭ. ಆದರೆ ತೂಬಿನ ನೀರಿಗೆ ಒಂದು ಬೆಲೆಯನ್ನಿಟ್ಟು, ಆ ನೀರಿನಿಂದ ಬಂದ ಬೆಳೆಯ ಪೂರ್ತಿ ಬೆಲೆಯನ್ನೂ ಕೂಡಿಸಿದರೆ, ಒಂದೇ ಫಲವನ್ನು ಎರಡು ಬಾರಿ ಎಣಿಸಿದ ತಪ್ಪಾಗುತ್ತದೆ.

ಎರಡನೆಯದು, ಕಾಣದೆ ನಡೆಯುವ ಸೇವೆ. ಕೆರೆ ಮಳೆಯ ರಭಸವನ್ನು ತಡೆಯುತ್ತದೆ, ಹೂಳನ್ನು ಹಿಡಿಯುತ್ತದೆ, ಸುತ್ತಣ ಬಾವಿಗಳಿಗೆ ನೀರೂಡುತ್ತದೆ. ಇದಕ್ಕೆ ಯಾರೂ ಬಿಲ್ಲು ಕಳುಹಿಸುವುದಿಲ್ಲ. ಒಂದು ಹೆಕ್ಟೇರು, ಅಂದರೆ ಸುಮಾರು ಎರಡೂವರೆ ಎಕರೆ ನೆಲದ ಮೇಲೆ ಒಂದು ಮೀಟರು ನೀರು ನಿಂತರೆ ಅದು 1 ಕೋಟಿ ಲೀಟರು. 10,000 ಲೀಟರಿನ ಟ್ಯಾಂಕರು ಅಷ್ಟನ್ನು ಸಾಗಿಸಲು 1,000 ಸಲ ಓಡಾಡಬೇಕು. ಎಲ್ಲವೂ ನೆಲಕ್ಕಿಳಿಯುವುದಿಲ್ಲ, ಸೂರ್ಯನು ತನ್ನ ಪಾಲನ್ನು ಹೀರುತ್ತಾನೆ. ಇಳಿದಷ್ಟನ್ನು ಬೇರೆ ರೀತಿಯಿಂದ ತರಲು ತಗಲುವ ವೆಚ್ಚವನ್ನು ಹಿಡಿದು ಈ ಸೇವೆಯ ಬೆಲೆಯನ್ನು ಅಂದಾಜು ಮಾಡುವುದುಂಟು.

ಮೂರನೆಯದು, ನೋಟದ ಸುಖ. ಜನರು ಒಂದು ತಾಣವನ್ನು ನೋಡಲು ಪ್ರಯಾಣಕ್ಕೆ ಮಾಡುವ ಖರ್ಚಿನಿಂದ ಆ ತಾಣದ ಬೆಲೆಯನ್ನು ಊಹಿಸಬಹುದೆಂದು 1947ರಲ್ಲಿ ಅಮೆರಿಕದ ಹೆರಾಲ್ಡ್ ಹೊಟೆಲಿಂಗ್ ಸೂಚಿಸಿದರು. ನಾಲ್ಕನೆಯದು, ಇರುವಿಕೆಯ ಬೆಲೆ. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತನ್ನು ಎಂದೂ ನೋಡದವನಿಗೂ, ಅದು ಬಂದಿಳಿಯಲು ನೀರುಂಟೆಂಬ ತಿಳಿವು ಸಮಾಧಾನ ಕೊಡಬಹುದು. ಇದನ್ನು ಅಳೆಯಲು, ಎಷ್ಟು ಕೊಡುವಿರಿ ಎಂದು ಜನರನ್ನೇ ಕೇಳುತ್ತಾರೆ. ಆದರೆ ಧನಿಕನ ನೂರು ರೂಪಾಯಿಯೂ ಕೂಲಿಯವನ ನೂರು ರೂಪಾಯಿಯೂ ಒಂದೇ ತೂಕದವಲ್ಲ. ಆದ್ದರಿಂದ ಹಳ್ಳಿಗಳಲ್ಲಿ ಹಣಕ್ಕೆ ಬದಲಾಗಿ ಎಷ್ಟು ದಿನದ ದುಡಿಮೆ ಕೊಡುವಿರಿ ಎಂದು ಕೇಳುವ ಕ್ರಮವೂ ಇದೆ. ಅದು ಹೆಚ್ಚು ನ್ಯಾಯವಾದುದು.

ಈಗ ಮೂಲ ಪ್ರಶ್ನೆಗೆ ಬರೋಣ. ಕಾಲುವೆ ಬಂದುದರಿಂದ ಕುಗ್ಗಿದ್ದು ಈ ನಾಲ್ಕರಲ್ಲಿ ಒಂದರ ಒಂದು ಭಾಗ, ತೂಬಿನ ನೀರಿನ ಬೆಲೆ ಮಾತ್ರ. ಉಳಿದವು ಕುಗ್ಗಲಿಲ್ಲ. ಆದರೆ ದಫ್ತರದಲ್ಲಿ ದಾಖಲಾಗಿದ್ದುದು ಆ ಒಂದೇ ಆದುದರಿಂದ, ಕೆರೆಯೇ ನಿಷ್ಪ್ರಯೋಜಕವೆಂದು ತೋರುತ್ತದೆ. ಹೂಳು ತೆಗೆಯುವ ಮನಸ್ಸು ಸಡಿಲುತ್ತದೆ, ಒತ್ತುವರಿ ಆರಂಭವಾಗುತ್ತದೆ. ಅಪಾಯವಿರುವುದು ಇಲ್ಲಿ.

ಕಾನೂನಿನಲ್ಲಿಯೂ ಇದೇ ತೊಡಕುಂಟು. 1971ರ ರಾಮ್ಸಾರ್ ಒಡಂಬಡಿಕೆ ಮನುಷ್ಯನು ಕಟ್ಟಿದ ಜಲಾಶಯಗಳನ್ನೂ ಜೌಗುನೆಲವೆಂದು ಒಪ್ಪುತ್ತದೆ. ಭಾರತ ಸರ್ಕಾರದ 2017ರ ನಿಯಮಗಳಾದರೋ, ನೀರಾವರಿಗೆಂದೇ ಕಟ್ಟಿದ ಜಲಾಶಯಗಳನ್ನು ಆ ಹೆಸರಿನಿಂದ ಹೊರಗಿಟ್ಟಿವೆ. ಹೀಗಿದ್ದರೂ ಗದಗ ಜಿಲ್ಲೆಯ ಮಾಗಡಿ ಕೆರೆಯೂ ವಿಜಯನಗರ ಜಿಲ್ಲೆಯ ಅಂಕಸಮುದ್ರವೂ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದವು. ಇವೆರಡೂ ಮನುಷ್ಯನು ಕಟ್ಟಿದ ಕೆರೆಗಳೇ. ಕಟ್ಟಿದವನ ಉದ್ದೇಶ ಒಂದಿರಬಹುದು. ಕೆರೆ ಮಾಡುವ ಉಪಕಾರ ಹಲವು.

ಕಡೆಯದಾಗಿ ಬಡ್ಡಿಯ ವಿಚಾರ. ಇಂದಿನಿಂದ 30 ವರ್ಷಕ್ಕೆ ಬರುವ 100 ರೂಪಾಯಿಯ ಫಲವು, ನೂರಕ್ಕೆ 10ರ ಬಡ್ಡಿ ಹಿಡಿದರೆ ಇಂದು 6 ರೂಪಾಯಿಗೂ ಕಡಮೆ. ನೂರಕ್ಕೆ 3 ಹಿಡಿದರೆ 41 ರೂಪಾಯಿ. ಕೆರೆ ಒಂದೇ, ಮಳೆ ಒಂದೇ. ಬಡ್ಡಿಯ ದರ ಬದಲಾದೊಡನೆ ಮೊಮ್ಮಕ್ಕಳ ಪಾಲು ಏಳರಲ್ಲೊಂದಾಗಿ ಬಿಡುತ್ತದೆ. ಯಾವ ದರವನ್ನು ಹಿಡಿಯಬೇಕೆಂಬುದನ್ನು ಗಣಿತವು ಹೇಳಲಾರದು. ಅದು ನಮ್ಮ ಧರ್ಮಬುದ್ಧಿಗೆ ಸೇರಿದುದು.

ಹೀಗೆ ಬೆಲೆ ಕಟ್ಟುವುದು ಕೆರೆಯನ್ನು ಮಾರುವುದಕ್ಕಾಗಿಯಲ್ಲ, ತಿಳಿಯದೆ ಬಿಟ್ಟುಕೊಡದಿರುವುದಕ್ಕಾಗಿ. ಯಾದಗಿರಿ ಜಿಲ್ಲೆಯಲ್ಲಾಗಲಿ ಬೇರೆಡೆಯಲ್ಲಾಗಲಿ, ಕೆರೆಯೊಂದು ಕೆಲಸಕ್ಕೆ ಬಾರದೆಂದು ಯಾರಾದರೂ ಹೇಳಿದಾಗ ನಾವು ಒಂದೇ ಮಾತನ್ನು ಕೇಳಿದರೆ ಸಾಕು: ಸ್ವಾಮಿ, ತಾವು ಲೆಕ್ಕಕ್ಕೆ ಹಿಡಿದದ್ದು ನಾಲ್ಕರಲ್ಲಿ ಎಷ್ಟನ್ನು?