ತರುಣರು ಆಟದ ತಂಡಕ್ಕೆ ಏಕೆ ಸೇರುತ್ತಾರೆ?
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ಉತ್ಸವದಲ್ಲಿ ನಾಡು-ನುಡಿಗಳ ಮಾತು ನಡೆಯುವುದು ರೂಢಿ. ಇಂತಹ ವೇದಿಕೆಯಲ್ಲಿ ನಾವು ಕಾಲ್ಚೆಂಡಿನ ಮಾತನ್ನೆತ್ತಿದರೆ ಕೆಲವರಿಗೆ ನಗೆ ಬಂದೀತು. ಆದರೆ ಒಂದು ಸಂಗತಿಯನ್ನು ತಾವೆಲ್ಲರೂ ಕಂಡಿದ್ದೀರಿ. ನಮ್ಮ ಸಭೆಗಳಿಗೆ ಹಿರಿಯರು ಬರುತ್ತಾರೆ, ತಾಯಂದಿರು ಬರುತ್ತಾರೆ, ಬಹುಮಾನ ಹಂಚುವ ದಿನ ಚಿಕ್ಕ ಮಕ್ಕಳೂ ಬರುತ್ತಾರೆ. ಹದಿನಾರು ದಾಟಿದ ತರುಣರು ಮಾತ್ರ ವಿರಳ. ಅದೇ ತರುಣರು ಹೊತ್ತು ಇಳಿಯುತ್ತಲೇ, ಯಾರ ಆಮಂತ್ರಣವೂ ಇಲ್ಲದೆ, ಆಟದ ಬಯಲಿಗೆ ಓಡುತ್ತಾರೆ. ಅಲ್ಲಿರುವುದೇನು, ನಮ್ಮಲ್ಲಿ ಇಲ್ಲದಿರುವುದೇನು? ಇದನ್ನು ವಿಚಾರಿಸುವುದು ಸಂಘದ ಕೆಲಸವೇ ಆಗಿದೆ.

ಸಂಬಳಕ್ಕಾಗಿ ಆಡುವವನ ಕಾರಣ ಸ್ಪಷ್ಟ. ಹವ್ಯಾಸಿಯು ತನ್ನ ಕೈಯಿಂದಲೇ ಖರ್ಚು ಮಾಡಿ, ಮೊಣಕಾಲು ಕೆತ್ತಿಸಿಕೊಂಡು, ಮನೆಯಲ್ಲಿ ಬೈಗುಳ ತಿಂದು ಆಡುತ್ತಾನೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ 1867ರಲ್ಲಿ ಕ್ವೀನ್ಸ್ ಪಾರ್ಕ್ ಎಂಬ ಸಂಘ ಹುಟ್ಟಿತು. ಆಟಕ್ಕಾಗಿಯೇ ಆಟ ಎಂಬುದು ಅದರ ಧ್ಯೇಯ. ಆ ದೇಶದ ದೊಡ್ಡ ಕಪ್ಪನ್ನು ಹತ್ತು ಬಾರಿ ಗೆದ್ದರೂ ಅದು 2019ರವರೆಗೆ ಹವ್ಯಾಸಿ ಸಂಘವಾಗಿಯೇ ಉಳಿಯಿತು. ನಮ್ಮ ದೇಶದಲ್ಲಿ 1911ರಲ್ಲಿ ಕಲಕತ್ತೆಯ ಮೋಹನ್ ಬಾಗಾನ್ ತಂಡದವರು, ಒಬ್ಬನ ಹೊರತು ಎಲ್ಲರೂ ಬರಿಗಾಲಿನಲ್ಲಿ ಆಡಿ, ಬೂಟು ತೊಟ್ಟ ಆಂಗ್ಲ ಪಲ್ಟನ್ನಿನ ತಂಡವನ್ನು ಸೋಲಿಸಿ ಶೀಲ್ಡನ್ನು ಗೆದ್ದರು. ಅವರೂ ಸಂಬಳದ ಆಟಗಾರರಾಗಿರಲಿಲ್ಲ.

ಅಷ್ಟು ದೂರ ಹೋಗುವುದೇ ಬೇಡ, ನಮ್ಮ ನೆರೆಯ ಕೊಲ್ಲಾಪುರವನ್ನು ನೋಡೋಣ. ಶಾಹೂ ಮಹಾರಾಜರ ಆಶ್ರಯದಲ್ಲಿ ಕುಸ್ತಿಗೆ ಹೆಸರಾದ ಆ ಪಟ್ಟಣದಲ್ಲಿ ಕಾಲ್ಚೆಂಡಿನ ಹುಚ್ಚು ಇಂದು ಕುಸ್ತಿಗೆ ಸರಿಸಮಾನವಾಗಿದೆ. ತಂಡಗಳ ಹೆಸರನ್ನೇ ಕೇಳಿರಿ: ಪಾಟಾಕಡೀಲ ತಾಲೀಮು, ಖಂಡೋಬಾ ತಾಲೀಮು, ದಿಲ್‌ಬಹಾರ್ ತಾಲೀಮು, ಬಾಲಗೋಪಾಲ ತಾಲೀಮು. ಗರಡಿಯ ಹೆಸರೇ ಚೆಂಡಿನ ತಂಡಕ್ಕೂ ಬಂದಿದೆ. ಇದರಲ್ಲಿ ಒಂದು ಮರ್ಮವಿದೆ. ತಾಲೀಮು ಎಂಬುದು ಪೇಟೆಯ ಮನೆಯಿದ್ದಂತೆ. ಅಲ್ಲಿಯ ಹುಡುಗನು ಯಾವ ತಂಡ ಹೆಚ್ಚು ಕಪ್ಪು ಗೆದ್ದಿದೆ ಎಂದು ಲೆಕ್ಕ ಹಾಕುವ ಮೊದಲೇ ತನ್ನ ಪೇಟೆಯ ತಂಡದವನಾಗಿರುತ್ತಾನೆ.

ನಮ್ಮೂರಿನಲ್ಲಿಯೂ ಇದಕ್ಕೆ ಸಾಟಿಯಿಲ್ಲದೆ ಇಲ್ಲ. ದೀಪಾವಳಿಯಲ್ಲಿ ಮಹಾಲಿಂಗರಾಯನ ಜಾತ್ರೆ ನೆರೆದು, ಪಲ್ಲಕ್ಕಿಗಳ ಭೇಟಿಯಾಗಿ, ಭಂಡಾರ ಹಾರಿ ಬಯಲೆಲ್ಲ ಹಳದಿಯಾಗುವಾಗ ಡೊಳ್ಳು ಹೊಡೆಯುವ ಹುಡುಗನು ಪಗಾರ ಕೇಳಿ ಮೇಳಕ್ಕೆ ಸೇರಿದನೆ? ಇಲ್ಲ. ಗೆಳೆಯ ಕರೆದ, ಹಿರಿಯರ ಬೆನ್ನ ಹಿಂದೆ ನಿಂತ, ಒಂದು ದಿನ ಡೊಳ್ಳು ಅವನ ಕೊರಳಿಗೂ ಬಂತು.

ತಂಡಕ್ಕೆ ಸೇರುವ ಮೊದಲ ಕಾರಣ, ಹೀಗೆ, ಗೆಳೆತನ. ಎರಡನೆಯ ಕಾರಣ ಅದಕ್ಕಿಂತ ಆಳವಾದುದು. ಹನ್ನೊಂದು ಜನರ ಆಟದಲ್ಲಿ ಒಬ್ಬನು ಬಾರದಿದ್ದರೆ, ‘ಅವನೆಲ್ಲಿ?’ ಎಂದು ಉಳಿದ ಹತ್ತು ಜನ ಕೇಳುತ್ತಾರೆ. ಪರೀಕ್ಷೆಯಲ್ಲಿ ಹಿಂದೆ ಬಿದ್ದವನನ್ನು, ಮನೆಯಲ್ಲಿ ಕೆಲಸಕ್ಕೆ ಬಾರದವನೆನಿಸಿಕೊಂಡವನನ್ನು ಹೀಗೆ ಕೇಳುವವರು ಬೇರೆಲ್ಲಿದ್ದಾರೆ? ತಾನಿಲ್ಲದಿದ್ದರೆ ಕೊರತೆಯಾಗುತ್ತದೆ ಎಂಬ ಅರಿವೇ ಅವನನ್ನು ದಿನವೂ ಬಯಲಿಗೆ ಎಳೆಯುತ್ತದೆ. ನಮ್ಮ ಸಭೆಗಳಲ್ಲಿ ಅವನು ಬಾರದಿದ್ದರೆ ಒಂದು ಕುರ್ಚಿ ಬರಿದಾಗಿರುತ್ತದೆ, ಅಷ್ಟೆ.

ಸೇರಿದವರು ಬಿಟ್ಟುಹೋಗುವುದೂ ಉಂಟು. ಕಪ್ಪಿನ ಆಸೆಗೆ ಪರಊರಿನ ಆಟಗಾರನನ್ನು ದುಡ್ಡು ಕೊಟ್ಟು ಕರೆತಂದು, ವರ್ಷವಿಡೀ ಬೆವರು ಸುರಿಸಿದ ಓಣಿಯ ಹುಡುಗನನ್ನು ಗೆರೆಯ ಹೊರಗೆ ಕೂರಿಸಿದಾಗ ಅವನು ಜಗಳವಾಡುವುದಿಲ್ಲ. ಮರುದಿನದಿಂದ ಸುಮ್ಮನೆ ಬರುವುದಿಲ್ಲ. ಕಪ್ಪು ಕಪಾಟಿನಲ್ಲಿ ಉಳಿಯುತ್ತದೆ, ತಂಡ ಉಳಿಯುವುದಿಲ್ಲ.

ಈಗ ಕೆಲವರಿಗೆ ಕಹಿಯೆನಿಸಬಹುದಾದ ಮಾತೊಂದನ್ನು ಹೇಳುತ್ತೇವೆ. ಸಂಘವು ತಂಡ ಕಟ್ಟಿದರೆ ಅದರಲ್ಲಿ ಕನ್ನಡ ಶಾಲೆಯ ಮಕ್ಕಳು ಮಾತ್ರ ಇರಬೇಕೆ? ಬೇಡವೆಂದೇ ನಮ್ಮ ಅಭಿಪ್ರಾಯ. 1956ರಲ್ಲಿ ರಾಜ್ಯಗಳನ್ನು ವಿಂಗಡಿಸಿದವರು ನಮ್ಮ ಓಣಿಗಳನ್ನು ವಿಂಗಡಿಸಲಾಗಲಿಲ್ಲ. ಆ ಕೆಲಸವನ್ನು ನಾವು ಮಾಡುವುದು ಬೇಡ. ಮರಾಠಿ ಶಾಲೆಯ ಹುಡುಗನನ್ನು ಹೊರಗಿಟ್ಟರೆ ಅವನ ಕನ್ನಡ ಗೆಳೆಯನೂ ಅವನೊಡನೆಯೇ ಹೊರಗುಳಿಯುವನು. ಇದರಿಂದ ಕನ್ನಡಕ್ಕೆ ಹಾನಿಯಾದೀತೆಂಬ ಭಯ ಸಲ್ಲದು. ‘ಇತ್ತ ಕೊಡು’, ‘ಹಿಂದೆ ನೋಡು’ ಎಂದು ಆಟದ ಭರದಲ್ಲಿ ಕೂಗಿದ ಕನ್ನಡವನ್ನು ಪಕ್ಕದವನು ಪಾಠವಿಲ್ಲದೆ ಕಲಿಯುತ್ತಾನೆ. ನಮ್ಮವನು ಅವನ ಮರಾಠಿಯನ್ನು ಕಲಿಯುತ್ತಾನೆ. ನಾಳೆ ಹೊಟ್ಟೆಪಾಡಿಗಾಗಿ ಸೊಲ್ಲಾಪುರಕ್ಕೋ ಪುಣೆಗೋ ಹೋದವನಿಗೆ ಊರೆಂದರೆ ನೆನಪಾಗುವುದು ನಮ್ಮ ಫಲಕವಲ್ಲ, ಆ ಕೂಗು. ಬಳಸಿದ ನುಡಿ ಬಾಳುತ್ತದೆ. ಕಾಯ್ದಿಟ್ಟ ನುಡಿ ಬಾಡುತ್ತದೆ.

ಆದುದರಿಂದ ಸಂಘದ ಮುಂದೆ ನಮ್ಮ ಬಿನ್ನಹ ಸಣ್ಣದು. ಒಂದು ಚೆಂಡು, ಒಂದು ಗಾಳಿ ಪಂಪು, ಕಲ್ಲು ಆರಿಸಿ ಸಮಮಾಡಿದ ಬಯಲು ಇಷ್ಟನ್ನು ಒದಗಿಸೋಣ. ಬಂದವರೆಲ್ಲರಿಗೂ ಆಟ ಸಿಗಲಿ. ದುಡ್ಡಿನ ಆಟಗಾರ ಬೇಡ. ನಾಯಕನನ್ನು ಆರಿಸುವುದೂ ಲೆಕ್ಕ ಬರೆಯುವುದೂ ತರುಣರ ಕೈಯಲ್ಲಿಯೇ ಇರಲಿ. ಹೆಣ್ಣುಮಕ್ಕಳು ಆಡಬಯಸಿದರೆ ಅವರಿಗೂ ವಾರದಲ್ಲಿ ದಿನಗಳು ಮೀಸಲಾಗಲಿ. ಹಿರಿಯರಾದ ನಾವು ಬಯಲಿನ ಅಂಚಿನಲ್ಲಿ ಕುಳಿತು ನೋಡೋಣ. ಯಾರಾದರೂ ಬಾರದ ದಿನ ‘ಅವನೆಲ್ಲಿ?’ ಎಂದು ನಾವೂ ಕೇಳೋಣ. ಹಾಗೆ ಕೇಳುವುದನ್ನು ಕಲಿತರೆ, ಮುಂದಿನ ವರ್ಷದ ಈ ಸಭೆಗೆ ಅವರು ಕರೆಯದೆಯೇ ಬಂದಾರು.